ಕಲೆ ಹೋಗಲಿ, ಚೂರಿ ಉಳಿಯಲಿ

ಆಯುಧಪೂಜೆ ಹತ್ತಿರ ಬಂತು ಅಂದ್ರೆ ನಮ್ಮಂಥ ಐಟಿ ಜನ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಬೈಕಿನ ಚಕ್ರದಡಿ ನಿಂಬೆಹಣ್ಣು ಹಾಯಿಸಿ, ಒಂದು ಫೋಟೊ ಹಾಕಿ ಕೈ ತೊಳೆದುಕೊಳ್ತೀವಿ. ಊರಿನ ಮನೆಗಳಲ್ಲಿ ಹಾಗಲ್ಲ. ಅಟ್ಟದ ಮೇಲಿದ್ದ ಹಳೇ ಕತ್ತಿ, ಚೂರಿ, ಈಳಿಗೆಮಣೆ ಎಲ್ಲವೂ ಕೆಳಗಿಳಿಯುತ್ತವೆ. ಮಳೆಗಾಲ ಮುಗಿದು ಹೊರಬಂದ ಕಬ್ಬಿಣ ನೋಡೋಕೆ ಚೆನ್ನಾಗಿರಲ್ಲ. ಮೇಲೆಲ್ಲ ಕಪ್ಪು ಕಲೆ, ಅಲ್ಲಲ್ಲಿ ಕೆಂಪು ಪುಡಿ, ಬೆರಳಾಡಿಸಿದರೆ ಸಣ್ಣ ಸಣ್ಣ ಗುಳಿ.

ಆಗ ಶುರುವಾಗುತ್ತೆ ಸಲಹೆಗಳ ಸುರಿಮಳೆ. ‘ಉಪ್ಪು ಹಾಕಿ ನಿಂಬೆಹಣ್ಣಲ್ಲಿ ಉಜ್ಜು’, ‘ರಾತ್ರಿಯಿಡೀ ವಿನೆಗರಿನಲ್ಲಿ ಮುಳುಗಿಸಿಡು’, ‘ಗ್ರೈಂಡರಿಗೆ ಹಿಡಿ, ಐದೇ ನಿಮಿಷ’. ಮೂವತ್ತು ಸೆಕೆಂಡಿನ ರೀಲ್ಸ್‌ನಲ್ಲಿ ತುಕ್ಕಿನ ಮುದ್ದೆಯೊಂದು ಕನ್ನಡಿಯಾಗಿಬಿಡುತ್ತೆ. ನೋಡೋಕೆ ಮಜಾ ಇರುತ್ತೆ. ಆದರೆ ಕನ್ನಡಿಯಾಗುವ ದಾರಿಯಲ್ಲಿ ಎಷ್ಟು ಉಕ್ಕು ಹೋಯ್ತು ಅಂತ ಯಾವ ರೀಲ್ಸೂ ತೋರಿಸಲ್ಲ.

ಈ ಸಲ ಬರೀತಿರೋದು ಅದರ ಬಗ್ಗೆನೇ. ಕೈಯಲ್ಲಿ ಬಡಿದು ಮಾಡಿದ ಚೂರಿಯ ಸಣ್ಣ ಕಲೆ, ಸಣ್ಣ ಗುಳಿಗಳನ್ನು ಮನೆಯಲ್ಲೇ ಹೇಗೆ ತೆಗೆಯೋದು, ಮತ್ತು ಎಲ್ಲಿ ಕೈ ನಿಲ್ಲಿಸೋದು. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ. ಯಾಕಂದ್ರೆ ಉಕ್ಕನ್ನು ಉಜ್ಜಿ ತೆಗೆದ ಮೇಲೆ ಕಂಟ್ರೋಲ್ ಝಡ್ ಒತ್ತೋಕೆ ಆಗಲ್ಲ.

ನನ್ನ ಕೈಗೆ ಬಂದ ಚೂರಿ

ಸಾಗರದ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಬಳಸುತ್ತಿದ್ದ ಚೂರಿ ಇದು. ಅಲಗು 15 ಸೆಂಟಿಮೀಟರ್ ಉದ್ದ, ಸುಮಾರು 3 ಸೆಂಟಿಮೀಟರ್ ಅಗಲ, ಬೀಟೆ ಮರದ ಹಿಡಿ. ನಾನು ಹುಟ್ಟುವ ಮೊದಲು ಊರಿನ ಆಚಾರಿಯೊಬ್ಬರು ಲಾರಿಯ ಹಳೇ ಕಮಾನುಪಟ್ಟಿ ಕಡಿದು, ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ್ದು. ಅವರು ಮಾಡಿದ ಎಲ್ಲ ಕತ್ತಿ, ಚೂರಿಗಳ ಮೇಲೂ ಹಿಡಿಯ ಹತ್ತಿರ ಉಳಿಯಿಂದ ಹೊಡೆದ ಮೂರು ಚುಕ್ಕಿ ಇರುತ್ತಿತ್ತು. ಅದೇ ಅವರ ಸಹಿ. ಈಗ ಅವರಿಲ್ಲ, ಕುಲುಮೆಯೂ ಇಲ್ಲ. ಆ ಜಾಗದಲ್ಲಿ ಬೈಕು ನಿಲ್ಲಿಸ್ತಾರೆ.

ಎರಡು ಮಳೆಗಾಲ ಗೋಣಿತಾಟಿನಲ್ಲಿ ಸುತ್ತಿ ಅಟ್ಟದ ಮೇಲೆ ಇದ್ದ ಚೂರಿಯನ್ನು ಅಮ್ಮ ಬೆಂಗಳೂರಿಗೆ ತಂದುಕೊಟ್ಟರು. ‘ಆಗೋದಾದ್ರೆ ಸರಿ ಮಾಡು, ಇಲ್ದಿದ್ರೆ ಗುಜರಿಗೆ ಹಾಕು’ ಅಂದ್ರು. ಹೇಳೋವಾಗ ಚೂರಿ ಕಡೆ ನೋಡಲಿಲ್ಲ. ಗುಜರಿಗೆ ಹಾಕೋ ಮನಸ್ಸಿದ್ದವರು ಆರು ತಾಸು ಬಸ್ಸಿನಲ್ಲಿ ಹೊತ್ತುಕೊಂಡು ಬರಲ್ಲ ಅಂತ ಅರ್ಥ ಮಾಡ್ಕೊಳ್ಳೋಕೆ ಎಂಜಿನಿಯರಿಂಗ್ ಡಿಗ್ರಿ ಬೇಕಾಗಿಲ್ಲ.

ಕೆಲಸ ಶುರು ಮಾಡುವ ಮೊದಲು ಮಾಡಬೇಕಾದ್ದು ನಾವು ಯಾವುದೇ ಹಳೇ ಕೋಡ್ ತೆರೆದಾಗ ಮಾಡೋದನ್ನೇ. ಏನನ್ನೂ ಅಳಿಸದೆ ಮೊದಲು ಪೂರ್ತಿ ಓದೋದು.

ಕಪ್ಪು ಬೇರೆ, ಕೆಂಪು ಬೇರೆ, ಗುಳಿ ಬೇರೆ

ನಮ್ಮ ಅಡುಗೆಮನೆಯ ಸ್ಟೀಲ್ ಚಾಕುಗಳು ಸ್ಟೇನ್‌ಲೆಸ್. ಅವುಗಳಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತೆ. ಆ ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳು ಪದರವಾಗಿ ಕೂತು ತುಕ್ಕನ್ನು ತಡೆಯುತ್ತೆ. ಕಮಾನುಪಟ್ಟಿಯ ಉಕ್ಕಿನಲ್ಲಿ ಅಂಥ ರಕ್ಷಣೆ ಇಲ್ಲ. ಅದರಲ್ಲಿರೋದು ಸುಮಾರು ಶೇ 0.5ರಿಂದ 0.6ರಷ್ಟು ಇಂಗಾಲ. ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಗಟ್ಟಿಯಾಗೋಕೆ, ಮಸೆದಾಗ ಒಳ್ಳೇ ಹರಿತ ಬರೋಕೆ ಅದು ಸಾಕು. ನೀರು ತಾಗಿದರೆ ಮಾತ್ರ ತುಕ್ಕು ಹಿಡಿಯುತ್ತೆ.

ಅಂಥ ಅಲಗಿನ ಮೇಲೆ ಕಾಣೋದು ಮೂರು ಬೇರೆ ಬೇರೆ ಸಂಗತಿ.

ಮೊದಲನೆಯದು ಕಪ್ಪು, ಬೂದು ಅಥವಾ ನೀಲಿ ಛಾಯೆಯ ಕಲೆ. ಬಾಳೆಕಾಯಿ, ಮಾವಿನಕಾಯಿ, ಅಡಿಕೆ, ದಾಳಿಂಬೆ ಸಿಪ್ಪೆ ಹೆಚ್ಚಿದಾಗ ಬರೋದು ಇದು. ಆ ಕಾಯಿಗಳ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತೆ. ಹಳೇ ಕಾಲದ ಕಪ್ಪು ಶಾಯಿ ತಯಾರಾಗ್ತಿದ್ದದ್ದೂ ಇದೇ ರಸಾಯನಕ್ರಿಯೆಯಿಂದ. ಶ್ರೀಕಾಳಹಸ್ತಿಯ ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಗಮನಿಸಿದ್ದೀರಾ? ಅಳಲೆಕಾಯಿಯ ನೀರಲ್ಲಿ ಅದ್ದಿದ ಬಟ್ಟೆಯ ಮೇಲೆ, ಬೆಲ್ಲದ ಜೊತೆ ಹುದುಗಿಸಿದ ತುಕ್ಕು ಕಬ್ಬಿಣದ ನೀರಿನಿಂದ ಅದನ್ನು ಎಳೀತಾರೆ. ಚೂರಿಯ ಮೇಲಿನ ಈ ಕಪ್ಪು ಹಾನಿ ಮಾಡಲ್ಲ. ತೆಳ್ಳಗೆ, ಒಂದೇ ಸಮನಾಗಿ ಕೂತಿದ್ದರೆ ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತೆ ಕೂಡ.

ಎರಡನೆಯದು ಕೆಂಪು ಅಥವಾ ಕಿತ್ತಳೆ ತುಕ್ಕು. ಇದು ಶತ್ರು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ಹುಟ್ಟುತ್ತೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಂಡು ಉಬ್ಬುತ್ತೆ, ಹಕ್ಕಳೆಯಾಗಿ ಉದುರುತ್ತೆ, ಕೆಳಗಿನ ಹೊಸ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತೆ. ತಾನಾಗಿ ನಿಲ್ಲೋದಿಲ್ಲ.

ಮೂರನೆಯದು ಗುಳಿ. ಇದನ್ನು ಕಲೆ ಅಂತ ಕರೆಯೋದೇ ತಪ್ಪು. ಕಲೆ ಅಂದರೆ ಮೇಲೆ ಸೇರಿಕೊಂಡದ್ದು, ಗುಳಿ ಅಂದರೆ ಅಲ್ಲಿ ಇಲ್ಲದಿರೋದು. ತುಕ್ಕು ಒಂದೇ ಕಡೆ ಕೂತು ಕೆಳಕ್ಕೆ ಕೊರೆದ ಜಾಗ ಅದು. ಉಪ್ಪಿನಂಶ ಇದ್ದರೆ ಕೊರೆತ ಜೋರು. ಗುಳಿಯ ತಳಕ್ಕೆ ಆಮ್ಲಜನಕ ಕಡಿಮೆ ಸಿಗುತ್ತೆ, ಅಲ್ಲಿನ ನೀರು ಹುಳಿಯಾಗುತ್ತಾ ಹೋಗುತ್ತೆ, ಹುಳಿಯಾದಷ್ಟೂ ಇನ್ನಷ್ಟು ಕಬ್ಬಿಣ ಕರಗುತ್ತೆ. ಮೇಲೆ ನೋಡಿದರೆ ಗಸಗಸೆ ಕಾಳಿನಷ್ಟು ಚುಕ್ಕೆ, ಕೆಲಸ ನಡೆಯೋದು ಒಳಗೆ.

ಹಾಗಾಗಿ ‘ಚೂರಿ ಕ್ಲೀನ್ ಮಾಡೋದು’ ಅನ್ನೋ ಒಂದು ಟಾಸ್ಕ್ ಇಲ್ಲ, ಮೂರು ಟಾಸ್ಕ್ ಇವೆ. ಕಪ್ಪನ್ನು ಬೇಕಾದರೆ ಬಿಡಬಹುದು. ಕೆಂಪನ್ನು ತೆಗೆಯಲೇಬೇಕು. ಗುಳಿಯ ವಿಷಯದಲ್ಲಿ ಯೋಚಿಸಿ ನಿರ್ಧರಿಸಬೇಕು.

ಎಣ್ಣೆಯಿಂದ ಶುರು ಮಾಡಿ

ಮೊದಲ ದಿನ ನಾನು ಮಾಡಿದ್ದು ಇಷ್ಟೇ. ಅಲಗಿನ ಅಂಚಿಗೆ ಮಾಸ್ಕಿಂಗ್ ಟೇಪ್ ಸುತ್ತಿದೆ, ಕೈ ಕುಯ್ದುಕೊಳ್ಳಬಾರದಲ್ಲ. ಆಮೇಲೆ ಎರಡೂ ಬದಿಗೆ ಧಾರಾಳವಾಗಿ ಎಣ್ಣೆ ಸವರಿ ರಾತ್ರಿ ಬಿಟ್ಟೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಸಾಕು, ಕೊಬ್ಬರಿ ಎಣ್ಣೆಯೂ ನಡೆಯುತ್ತೆ. ಬೆಳಿಗ್ಗೆ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಕಂದು ಬಣ್ಣವಾಯಿತು. ಏನೂ ಕೆರೆಯದೆ ಕೆಂಪಿನಲ್ಲಿ ಒಂದು ಪಾಲು ಹೋಗಿತ್ತು.

ಎರಡನೇ ಹೆಜ್ಜೆ ಅಡುಗೆ ಸೋಡಾ. ಕೆಲವು ಹನಿ ನೀರಲ್ಲಿ ಕಲಸಿ ಗಟ್ಟಿ ಪೇಸ್ಟ್ ಮಾಡಿ, ಬಾಟಲಿಯ ಮರದ ಬಿರಡೆ ಅಥವಾ ಮಡಚಿದ ಬಟ್ಟೆಯಿಂದ ಉಜ್ಜಿ. ಸೋಡಾದ ಹರಳು ಉಕ್ಕಿಗಿಂತ ತುಂಬಾ ಮೆದು. ತುಕ್ಕನ್ನು ಸಡಿಲಿಸುತ್ತೆ, ಉಕ್ಕಿಗೆ ಗೀರು ಹಾಕಲ್ಲ. ಜೊತೆಗೆ ಸೌಮ್ಯವಾದ ಕ್ಷಾರ, ಗುಳಿಯ ಹುಳಿಗೆ ಅದು ಎದುರಾಳಿ. ಉಜ್ಜುವ ದಿಕ್ಕು ಯಾವಾಗಲೂ ಅಲಗಿನ ಉದ್ದಕ್ಕೆ ಇರಲಿ, ಹಿಡಿಯಿಂದ ಮೊನೆಯ ಕಡೆಗೆ. ಚೂರಿ ಹಲಗೆಯ ಮೇಲೆ ಅಂಗಾತ ಮಲಗಿರಬೇಕು, ಬೆನ್ನು ನಿಮ್ಮ ಕಡೆಗೆ, ಅಂಚು ಆಚೆಗೆ. ಕೈಯಲ್ಲಿ ಗಾಳಿಯಲ್ಲಿ ಹಿಡಿದು ಉಜ್ಜೋದು ಆಸ್ಪತ್ರೆಯ ದಾರಿ.

ಅಂದ ಹಾಗೆ, ‘ತುಕ್ಕು ತಾಗಿದ್ರೆ ಧನುರ್ವಾಯು ಬರುತ್ತೆ’ ಅಂತ ಎಲ್ಲರ ಮನೆಯಲ್ಲೂ ಹೇಳ್ತಾರೆ. ಧನುರ್ವಾಯು ತರೋದು ಒಂದು ಬ್ಯಾಕ್ಟೀರಿಯಾ. ಅದು ಮಣ್ಣು, ಗೊಬ್ಬರ, ಧೂಳಿನಲ್ಲಿರುತ್ತೆ. ತುಕ್ಕು ಅದನ್ನು ಹುಟ್ಟಿಸಲ್ಲ. ಆದರೂ ಅಟ್ಟದಿಂದ ಬಂದ ಕೊಳಕು ಚೂರಿಯಿಂದ ಗಾಯವಾದರೆ ಇಂಜೆಕ್ಷನ್ ವಿಚಾರಿಸೋದು ಸರಿಯಾದ ಕೆಲಸವೇ. ಅಮ್ಮಂದಿರ ಕಾರಣ ಬೇರೆ ಇರಬಹುದು, ತೀರ್ಮಾನ ಸರಿ ಇದೆ.

ಮೂರನೇ ಹೆಜ್ಜೆ ಗುಳಿಗಳ ಒಳಗಿನ ಕೆಂಪು. ಬಟ್ಟೆ ಅಲ್ಲಿಗೆ ಇಳಿಯಲ್ಲ. ಎಣ್ಣೆ ಹಾಕಿ, ಬಿದಿರಿನ ಕಡ್ಡಿ ಅಥವಾ ಹಿತ್ತಾಳೆಯ ಪಿನ್ನಿನ ತುದಿಯಿಂದ ನಿಧಾನಕ್ಕೆ ಕೆದಕಿ. ಎರಡೂ ಗಟ್ಟಿ ಉಕ್ಕಿಗಿಂತ ಮೆದು, ಹಾಗಾಗಿ ತುಕ್ಕು ಬರುತ್ತೆ, ಅಲಗಿಗೆ ಗೀರು ಬೀಳಲ್ಲ. ಉಕ್ಕಿನ ಸೂಜಿ ಬಳಸಬೇಡಿ. ಇದು ತಾಳ್ಮೆಯ ಕೆಲಸ. ನಾನು ಒಂದು ಭಾನುವಾರ ಸಂಜೆ, ಕಿವಿಗೆ ಹಾಡು ಹಾಕ್ಕೊಂಡು ಮಾಡಿದೆ.

ಇಷ್ಟಾದ ಮೇಲೆ ಬಿಸಿನೀರಲ್ಲಿ ತೊಳೆದು, ಒರೆಸಿ, ಹೇರ್ ಡ್ರೈಯರಿನಿಂದ ಒಣಗಿಸಿದೆ. ನೋಡಿದರೆ ಕೆಂಪು ಇಲ್ಲ. ಕಪ್ಪು ಕಲೆ ಅರ್ಧ ಉಳಿದಿದೆ. ಹಿಡಿಯ ಹತ್ತಿರ ಒಂದೇ ಕಡೆ ಹದಿನೈದಿಪ್ಪತ್ತು ಗುಳಿ ಸ್ಪಷ್ಟವಾಗಿ ಕಾಣ್ತಿವೆ.

ಉಜ್ಜುಕಾಗದಕ್ಕೆ ಬಂದಾಗ

ಮೇಲ್ಮೈ ದೊರಗು ಅನ್ನಿಸಿದರೆ ಮುಂದಿನ ಹೆಜ್ಜೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಕಪ್ಪು ಉಜ್ಜುಕಾಗದ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಕೊಡ್ತಾರೆ. ನಂಬರ್ ದೊಡ್ಡದಾದಷ್ಟೂ ಕಣ ಸಣ್ಣದು. 400 ನಂಬರಿನ ಕಣ ಸುಮಾರು 35 ಮೈಕ್ರಾನ್, 1000 ನಂಬರಿನದು ಸುಮಾರು 18, 2000 ನಂಬರಿನದು ಸುಮಾರು 10. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ನಿಯಮ ಒಂದೇ. ಕೆಲಸ ಮಾಡುವ ಅತಿ ಸಣ್ಣ ಕಣದಿಂದ ಶುರು ಮಾಡಿ. ಹೆಚ್ಚಿನವರು 120ರಿಂದ ಶುರು ಮಾಡಿ, ಅದು ಹಾಕಿದ ಗೀರು ತೆಗೆಯೋಕೆ ಅರ್ಧ ದಿನ ಕಳೀತಾರೆ. ಮೊದಲು 2000ದಲ್ಲಿ ನೋಡಿ. ಕಲೆ ಹೋಯ್ತಾ? ಕೆಲಸ ಮುಗೀತು. ಇಲ್ಲವಾ, 1000ಕ್ಕೆ ಇಳಿಯಿರಿ. ಅದರಲ್ಲೂ ಆಗದಿದ್ದರೆ ಮಾತ್ರ 600 ಅಥವಾ 400. ಎಲ್ಲಿಗೆ ಇಳಿದಿರೋ ಅಲ್ಲಿಂದ ಮತ್ತೆ ಮೆಟ್ಟಿಲು ಹತ್ತಿ ಬರಬೇಕು: 400, 600, 1000, 2000. ಹತ್ತುವಾಗ ಪ್ರತಿ ನಂಬರಿಗೂ ದಿಕ್ಕನ್ನು ಸ್ವಲ್ಪ ಓರೆ ಮಾಡಿದರೆ ಹಿಂದಿನ ಗೀರು ಪೂರ್ತಿ ಹೋಯ್ತಾ ಅಂತ ಕಣ್ಣಿಗೇ ಗೊತ್ತಾಗುತ್ತೆ. ಕೊನೆಯ ನಂಬರ್ ಮಾತ್ರ ಅಲಗಿನ ಉದ್ದಕ್ಕೇ ಇರಲಿ.

ಕಾಗದವನ್ನು ಒಂದು ಚಪ್ಪಟೆ ಮರದ ತುಂಡಿಗೆ ಸುತ್ತಿಕೊಳ್ಳಿ. ಬರೀ ಬೆರಳಿನಿಂದ ಒತ್ತಿದರೆ ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು ಆಗುತ್ತೆ. ಅಂಚಿನ ಕೊನೆಯ ಎರಡು ಮೂರು ಮಿಲಿಮೀಟರಿಗೆ ಕಾಗದ ತಾಗಿಸಬೇಡಿ. ಆ ಜಾಗ ಮಸೆಗಲ್ಲಿನದು.

ನಮ್ಮ ಚೂರಿಗೆ 1000 ಸಾಕಾಯಿತು. ಕಲೆ ತೆಳುವಾಯಿತು, ಪೂರ್ತಿ ಹೋಗಲಿಲ್ಲ. ಬೂದು ಬಣ್ಣದ ಮೋಡದ ಹಾಗೆ ಉಳಿದಿದೆ. ಅದು ಅಲ್ಲೇ ಇರಲಿ ಅಂತ ಬಿಟ್ಟೆ.

ಗುಳಿಯ ಲೆಕ್ಕ

ಈಗ ಗುಳಿ. ಇಲ್ಲೇ ಹೆಚ್ಚಿನವರಿಗೆ ಹಟ ಬರೋದು. ‘ಇಷ್ಟು ಮಾಡಿದ ಮೇಲೆ ಅದನ್ನೂ ತೆಗೆದುಬಿಡೋಣ.’

ಗುಳಿಯನ್ನು ಯಾರೂ ‘ತೆಗೆಯೋಕೆ’ ಆಗಲ್ಲ. ಅಲ್ಲಿ ಉಕ್ಕೇ ಇಲ್ಲ. ಮಾಡಬಹುದಾದ ಒಂದೇ ಕೆಲಸ, ಸುತ್ತಲಿನ ಒಳ್ಳೇ ಉಕ್ಕನ್ನೆಲ್ಲ ಗುಳಿಯ ತಳದ ಮಟ್ಟಕ್ಕೆ ಇಳಿಸೋದು. ರಸ್ತೆಯ ಗುಂಡಿ ಕಾಣಬಾರದು ಅಂತ ಇಡೀ ರಸ್ತೆಯನ್ನು ಗುಂಡಿಯ ಆಳಕ್ಕೆ ಕೆತ್ತಿದ ಹಾಗೆ.

ಅದರ ಬೆಲೆ ಎಷ್ಟು? ಲೆಕ್ಕ ಹಾಕೋಣ. ಅಲಗು 15 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ. ಒಂದು ಬದಿಯ ವಿಸ್ತೀರ್ಣ ಸುಮಾರು 45 ಚದರ ಸೆಂಟಿಮೀಟರ್. ಬೆನ್ನಿನಿಂದ ಅಂಚಿಗೆ ದಪ್ಪ ಕಡಿಮೆಯಾಗುತ್ತಾ ಹೋಗುವುದರಿಂದ ಸರಾಸರಿ 2 ಮಿಲಿಮೀಟರ್ ಅಂತ ಹಿಡಿದರೆ ಅಲಗಿನ ಉಕ್ಕು 9 ಘನ ಸೆಂಟಿಮೀಟರ್. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.85 ಗ್ರಾಂ. ಅಂದರೆ ಸುಮಾರು 70 ಗ್ರಾಂ ಉಕ್ಕು.

ಗುಳಿಯ ಆಳ 0.2 ಮಿಲಿಮೀಟರ್ ಅಂದುಕೊಳ್ಳಿ. ಎರಡು ಎ4 ಹಾಳೆಯ ದಪ್ಪ. ಅಷ್ಟನ್ನು ಒಂದು ಬದಿಯಿಂದ ಇಳಿಸಿದರೆ 0.9 ಘನ ಸೆಂಟಿಮೀಟರ್, ಸುಮಾರು 7 ಗ್ರಾಂ ಹೋಯಿತು. ಚೂರಿಯ ಶೇ 10. ಎರಡೂ ಬದಿ ಸಮ ಮಾಡೋಕೆ ಹೊರಟರೆ ಶೇ 20. ಮೂವತ್ತು ವರ್ಷ ದಿನಾ ಹೆಚ್ಚಿ ಮಸೆದರೂ ಸವೆಯದಷ್ಟು ಉಕ್ಕು ಒಂದು ಮಧ್ಯಾಹ್ನದಲ್ಲಿ ಧೂಳಾಗುತ್ತೆ.

ಅಂಚಿನ ಹತ್ತಿರ ಇನ್ನೂ ಕಷ್ಟ. ಅಂಚಿನಿಂದ ಸ್ವಲ್ಪ ಮೇಲೆ ಅಲಗಿನ ದಪ್ಪ ಅರ್ಧ ಮಿಲಿಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಎರಡೂ ಕಡೆಯಿಂದ 0.2 ಹೋದರೆ ಉಳಿಯೋದು 0.1. ಅದು ಬಾಳೆಕಾಯಿ ಹೆಚ್ಚುವ ಚೂರಿ ಅಲ್ಲ, ಬ್ಲೇಡು. ಹಲಸಿನಕಾಯಿಯ ಮುಳ್ಳಿಗೆ ತಾಗಿದರೆ ಬಾಗುತ್ತೆ ಅಥವಾ ಹಲ್ಲು ಬೀಳುತ್ತೆ.

ಇದು ನಮ್ಮ ಊರಿನ ಚೂರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಅಲಗಿನ ಪಾಲಿಶನ್ನು ಒಂದು ವೃತ್ತಿಯಾಗಿ ಬೆಳೆಸಿದ ಜಪಾನಿನಲ್ಲಿ, ಮತ್ತೆ ಮತ್ತೆ ಪಾಲಿಶ್ ಮಾಡಿ ತೆಳುವಾದ ಹಳೇ ಕತ್ತಿಗೆ ‘ದಣಿದಿದೆ’ ಅಂತಾರೆ. ಅಲ್ಲಿ ಇನ್ನೊಂದು ಕಟ್ಟುನಿಟ್ಟು ಇದೆ. ಹಿಡಿಯೊಳಗೆ ಸೇರಿಕೊಳ್ಳುವ ಕತ್ತಿಯ ಬುಡದ ತುಕ್ಕನ್ನು ಯಾರೂ ಮುಟ್ಟುವಂತಿಲ್ಲ. ಆ ತುಕ್ಕಿನ ಬಣ್ಣ ನೋಡಿಯೇ ಕತ್ತಿಯ ವಯಸ್ಸು ಅಂದಾಜು ಮಾಡ್ತಾರೆ, ಕಮ್ಮಾರನ ಸಹಿ ಇರೋದೂ ಅಲ್ಲೇ. ಅದನ್ನು ಉಜ್ಜಿ ಬೆಳಗಿದರೆ ಕತ್ತಿಯ ಬೆಲೆಯೇ ಬಿದ್ದುಹೋಗುತ್ತೆ. ಪಾಲಿಶ್ ಬಲ್ಲವರೇ ಎಲ್ಲಿ ಪಾಲಿಶ್ ಮಾಡಬಾರದು ಅಂತ ನಿಯಮ ಮಾಡಿಕೊಂಡಿದ್ದಾರೆ.

ಮೂರು ಚುಕ್ಕಿ

ನಮ್ಮ ಚೂರಿಯಲ್ಲೂ ಗುಳಿಗಳು ಕೂತದ್ದು ಸಹಿಯ ಪಕ್ಕದಲ್ಲೇ. ಆಚಾರಿ ಹೊಡೆದ ಮೂರು ಚುಕ್ಕಿಗಳ ಸುತ್ತ ತುಕ್ಕು ತಾನೂ ಕೆಲವು ಚುಕ್ಕಿ ಇಟ್ಟಿತ್ತು. ಚುಕ್ಕಿಗಳ ಆಳವೂ ಗುಳಿಗಳ ಆಳವೂ ಹೆಚ್ಚುಕಮ್ಮಿ ಒಂದೇ. ಗುಳಿ ಹೋಗಬೇಕು ಅಂದರೆ ಚುಕ್ಕಿಯೂ ಹೋಗಬೇಕು. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಕಾಗದ ಯಾವ ಅಂಗಡಿಯಲ್ಲೂ ಸಿಗಲ್ಲ.

ಚೂರಿ ನನ್ನದಲ್ಲ, ಹಾಗಾಗಿ ತೀರ್ಮಾನವೂ ನನ್ನದಲ್ಲ. ಅಮ್ಮನಿಗೆ ವಿಡಿಯೊ ಕಾಲ್ ಮಾಡಿ, ಕ್ಯಾಮೆರಾ ಹತ್ತಿರ ಹಿಡಿದು ತೋರಿಸಿದೆ. ‘ಪೂರ್ತಿ ಹೊಳೆಯೋ ಹಾಗೆ ಮಾಡಬಹುದು. ಆದ್ರೆ ಈ ಮೂರು ಚುಕ್ಕಿ ಹೋಗುತ್ತೆ, ಚೂರಿನೂ ಸ್ವಲ್ಪ ತೆಳ್ಳಗಾಗುತ್ತೆ. ಏನ್ಮಾಡ್ಲಿ?’

ಅಮ್ಮ ಸ್ವಲ್ಪ ಹೊತ್ತು ನೋಡಿದರು. ‘ಹೊಳೆಯೋದು ಬೇಕಿದ್ರೆ ನಾನು ಅಂಗಡಿಯಿಂದ ತರ್ತಿದ್ದೆ’ ಅಂದ್ರು. ‘ಹೆಚ್ಚುತ್ತೋ ಇಲ್ವೋ ಅಷ್ಟು ಹೇಳು.’

ಹೆಚ್ಚುತ್ತೆ. ಗುಳಿಗಳಿರೋದು ಅಲಗಿನ ಬುಡದಲ್ಲಿ, ಅಂಚಿನಿಂದ ದೂರ. ಅಲ್ಲಿ ಇದ್ದರೂ ತರಕಾರಿಗೆ ಗೊತ್ತಾಗಲ್ಲ. ಆ ಮಾತಿನ ಜೊತೆ ಅಮ್ಮ ಇನ್ನೊಂದು ಸಂಗತಿ ಹೇಳಿದರು. ಆ ಆಚಾರಿ ಕಾಸಿನ ಬದಲು ವರ್ಷಕ್ಕೊಮ್ಮೆ ಭತ್ತ ತಗೊಳ್ತಿದ್ದರಂತೆ. ಚೂರಿ ಮೊಂಡಾದರೆ ಯಾವಾಗ ಬೇಕಾದರೂ ಕುಲುಮೆಗೆ ಒಯ್ಯಬಹುದಿತ್ತಂತೆ, ಅದಕ್ಕೆ ಬೇರೆ ಲೆಕ್ಕ ಇರಲಿಲ್ಲ. ಲೈಫ್‌ಟೈಮ್ ಸಪೋರ್ಟ್ ಅಂತ ನಾವು ಈಗ ದುಡ್ಡು ಕೊಟ್ಟು ಕೊಳ್ಳೋದು ಇದನ್ನೇ ತಾನೇ? ಸಪೋರ್ಟ್ ಕೊಡುವವರು ಈಗ ಇಲ್ಲ. ಅವರು ಕೊಟ್ಟ ಉಕ್ಕು ಎಷ್ಟಿದೆಯೋ ಅಷ್ಟೇ.

ನಿಮ್ಮ ಚೂರಿಯ ಗುಳಿ ಎಲ್ಲಿದೆ ಅಂತ ನೀವೂ ಹೀಗೇ ನೋಡಿ. ಬೆನ್ನಿನ ಹತ್ತಿರ ಇದ್ದರೆ ಒಳಗಿನ ಕೆಂಪು ತೆಗೆದು ಬಿಟ್ಟುಬಿಡಿ. ಅಲಗಿನ ನಡುವೆ ಇದ್ದರೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳದಷ್ಟು ತೆಳು ಇದ್ದರೆ 600ರಿಂದ 1000 ನಂಬರಿನಲ್ಲಿ ಸ್ವಲ್ಪ ತಾಳ್ಮೆಯಿಂದ ಹೋಗುತ್ತೆ. ಸಿಕ್ಕಿಕೊಂಡರೆ ಬಿಡಿ. ಸರಿಯಾಗಿ ಅಂಚಿನ ಮೇಲೇ ಇದ್ದರೆ ಅಲ್ಲಿ ಸಣ್ಣ ಹಲ್ಲು ಬಿದ್ದ ಹಾಗಿರುತ್ತೆ. ಅದಕ್ಕಾಗಿ ಬದಿಯನ್ನು ಕೆತ್ತಬೇಡಿ, ಎಂದಿನಂತೆ ಮಸೆಯುತ್ತಾ ಹೋದರೆ ಅಂಚೇ ನಿಧಾನಕ್ಕೆ ಹಿಂದೆ ಸರಿದು ಅದನ್ನು ದಾಟುತ್ತೆ.

ಉಳಿಸಿಕೊಂಡ ಗುಳಿ ಸತ್ತಿದೆಯಾ, ಬದುಕಿದೆಯಾ ಅಂತ ತಿಳಿಯೋಕೂ ಒಂದು ಪರೀಕ್ಷೆ ಇದೆ. ಒಣಗಿಸಿ, ಎಣ್ಣೆ ಹಚ್ಚಿ, ಎರಡು ದಿನ ಬಿಟ್ಟು ಬಿಳಿ ಟಿಶ್ಯೂವಿನಿಂದ ಒತ್ತಿ ನೋಡಿ. ಟಿಶ್ಯೂ ಕಿತ್ತಳೆಯಾದರೆ ಒಳಗೆ ಇನ್ನೂ ತುಕ್ಕಿದೆ, ಬಿದಿರು ಕಡ್ಡಿಯ ಕೆಲಸ ಇನ್ನೊಂದು ಸಲ ಆಗಬೇಕು. ಕಪ್ಪಾಗಿ, ಒಣಗಿ, ಟಿಶ್ಯೂಗೆ ಏನೂ ಅಂಟದಿದ್ದರೆ ಅದು ತಣ್ಣಗಾಗಿದೆ.

ಬೇಡ ಅನ್ನುವ ಪಟ್ಟಿ

ನಿಂಬೆ ಮತ್ತು ಉಪ್ಪು ಬೇಡ. ನಿಂಬೆಯ ಹುಳಿ ತುಕ್ಕನ್ನು ಕರಗಿಸುತ್ತೆ ನಿಜ, ಆದರೆ ಉಪ್ಪು ಗುಳಿಯೊಳಗೆ ಉಳಿದು ಹೊಸ ಕೊರೆತಕ್ಕೆ ಮುಹೂರ್ತ ಇಡುತ್ತೆ. ಹುಣಸೆಹಣ್ಣೂ ಬೇಡ. ಹಿತ್ತಾಳೆ, ತಾಮ್ರದ ಪಾತ್ರೆಗೆ ಅದು ಅಮೃತ, ಈ ಉಕ್ಕಿನ ಮೇಲೆ ಕಪ್ಪು ಬೂದು ಚಿತ್ತಾರ ಬಿಡುತ್ತೆ.

ರಾತ್ರಿಯಿಡೀ ವಿನೆಗರ್ ಬೇಡ. ಅದು ಮೊದಲು ತುಕ್ಕು ತಿನ್ನುತ್ತೆ, ಆಮೇಲೆ ಉಕ್ಕನ್ನೂ ತಿನ್ನೋಕೆ ಶುರು ಮಾಡುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ಗೊತ್ತಿಲ್ಲ. ತುಕ್ಕು ತೀರಾ ಹಟ ಮಾಡಿದರೆ ಹತ್ತಿಯಲ್ಲಿ ಅದ್ದಿ ಆ ಜಾಗಕ್ಕೆ ಮಾತ್ರ ಕೆಲವು ನಿಮಿಷ ಇಟ್ಟು, ಸೋಡಾ ನೀರಿನಿಂದ ತೊಳೆದುಬಿಡಿ.

ಗ್ರೈಂಡರ್, ಡ್ರಿಲ್ಲಿಗೆ ಹಾಕುವ ಚಕ್ರ, ಬೀದಿಯಲ್ಲಿ ಬರುವ ಸಾಣೆಯ ಮೋಟಾರು ಬೇಡ. ಕಾರಣ ಬರೀ ಸವೆತ ಅಲ್ಲ, ಬಿಸಿ. ಕಮ್ಮಾರ ಅಲಗನ್ನು ಗಟ್ಟಿ ಮಾಡಿದ ಮೇಲೆ ಮತ್ತೆ ಹದವಾಗಿ ಕಾಯಿಸಿ ಗಡಸುತನ ಹೊಂದಿಸಿರ್ತಾನೆ. ಉಕ್ಕು ಸುಮಾರು 200 ಡಿಗ್ರಿ ದಾಟಿದಾಗ ಒಣಹುಲ್ಲಿನ ಬಣ್ಣಕ್ಕೆ, 300ರ ಸುಮಾರಿಗೆ ನೀಲಿಗೆ ತಿರುಗುತ್ತೆ. ಚಕ್ರದ ಕೆಳಗೆ ತೆಳು ಅಂಚು ಒಂದೆರಡು ಸೆಕೆಂಡಿನಲ್ಲಿ ನೀಲಿಯಾಗಬಹುದು. ನೀಲಿಯಾದ ಜಾಗದ ಹದ ಹೋಯಿತು ಅಂತ ಅರ್ಥ. ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲಲ್ಲ.

ನೀರಿನಲ್ಲಿ ನೆನೆಹಾಕೋದೂ ಬೇಡ. ಹಿಡಿಯ ಸಂದಿನಲ್ಲಿ ಇಳಿದ ನೀರು ಒಳಗೇ ತುಕ್ಕು ಹಿಡಿಸುತ್ತೆ. ಒಳಗಿನ ತುಕ್ಕು ಉಬ್ಬಿದರೆ ಮರ ಸೀಳುತ್ತೆ.

ಆಮೇಲಿನ ಒಂದು ನಿಮಿಷ

ಇಷ್ಟೆಲ್ಲ ಕಷ್ಟ ಮತ್ತೆ ಬರಬಾರದು ಅಂದರೆ ದಿನಕ್ಕೆ ಒಂದು ನಿಮಿಷ ಸಾಕು. ಹುಳಿ, ಒಗರು ಹೆಚ್ಚಿದ ಕೂಡಲೇ ಒರೆಸಿ, ಊಟ ಆದಮೇಲೆ ತೊಳೆಯೋಣ ಅಂತ ಸಿಂಕಿನಲ್ಲಿ ಬಿಡಬೇಡಿ. ಡಿಶ್‌ವಾಷರಿಗಂತೂ ಹಾಕಲೇಬೇಡಿ. ತೊಳೆದ ಮೇಲೆ ಬಟ್ಟೆಯಿಂದ ಪೂರ್ತಿ ಒರೆಸಿ. ಹಸಿರು ಸ್ಕ್ರಬ್ಬಿನಲ್ಲಿ ಗೀರು ಹಾಕುವ ಕಣಗಳಿರುತ್ತವೆ, ಮೆತ್ತಗಿನ ಸ್ಪಂಜು ಬಳಸಿ.

ವಾರಗಟ್ಟಲೆ ಮುಟ್ಟೋದಿಲ್ಲ ಅಂದರೆ ತೆಳ್ಳಗೆ ಎಣ್ಣೆ ಸವರಿ. ಲಿಕ್ವಿಡ್ ಪ್ಯಾರಾಫಿನ್ ಒಳ್ಳೇದು, ಹಳಸಲ್ಲ, ಅಂಟಾಗಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಆದರೂ ಕೆಲಸ ಮಾಡುತ್ತೆ. ಅಡುಗೆಯ ಸೂರ್ಯಕಾಂತಿ ಎಣ್ಣೆ ದಿನ ಕಳೆದಂತೆ ಅಂಟಂಟಾಗುತ್ತೆ, ಅದನ್ನು ಬಿಡಿ. ಗೋಣಿ, ಚರ್ಮದ ಚೀಲ, ಪ್ಲಾಸ್ಟಿಕ್ ಕವರ್ ಎಲ್ಲವೂ ಹಸಿ ಹಿಡಿದಿಡುತ್ತವೆ. ಗಾಳಿಯಾಡುವ ಕಡೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ನಾನು ಫೋನಿನಲ್ಲಿ ರಿಮೈಂಡರ್ ಹಾಕಿ ಅಮ್ಮನಿಗೂ ಕಳಿಸಿದೆ. ‘ದಿನಾ ಬಳಸೋದಕ್ಕೆ ರಿಮೈಂಡರ್ ಯಾಕೆ’ ಅಂತ ಉತ್ತರ ಬಂತು. ಸರಿಯಾದ ಮಾತು. ತುಕ್ಕಿಗೆ ಎಲ್ಲಕ್ಕಿಂತ ದೊಡ್ಡ ಔಷಧ ಬಳಕೆಯೇ.

ನಿಮ್ಮ ಮನೆಯ ಅಟ್ಟದಲ್ಲೂ ಹೀಗೊಂದು ಚೂರಿ ಇರಬಹುದು. ಅದನ್ನು ಗುಜರಿಗೆ ಹಾಕುವ ಮೊದಲು, ಮಷೀನಿಗೆ ಹಿಡಿಯುವ ಮೊದಲು, ಒಂದು ರಾತ್ರಿ ಎಣ್ಣೆ ಹಚ್ಚಿಡಿ. ಬೆಳಿಗ್ಗೆ ಹಳೇ ಬಟ್ಟೆಯಲ್ಲಿ ಒರೆಸಿ, ಹಿಡಿಯ ಹತ್ತಿರ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಲ್ಲಿ ಯಾರದ್ದಾದರೂ ಸಹಿ ಇರಬಹುದು. ಉಜ್ಜುಕಾಗದ ಕೊಳ್ಳೋದು ಆಮೇಲೆ.